ಖಾಲಿ ಬಿಟ್ಟ ಸಾಲು

ಎಲ್ಲರ ಹೆಸರಿನ ಮುಂದೆ ಅಂಕಗಳಿದ್ದವು. ಮಲ್ಲಿಕ್‌ನ ಹೆಸರಿನ ಮುಂದೆ ಮಾತ್ರ ಏನೂ ಇರಲಿಲ್ಲ.

ಅವನು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡ. ಕೊನೆಯ ಕಾಲಂನಲ್ಲಿ ರ‍್ಯಾಂಕ್ ಬರಬೇಕಿತ್ತು. ಅದರ ಬದಲು ಮೇಲಿನಿಂದ ಕೆಳಗಿನವರೆಗೆ ಹ್ಯಾಶ್ ಗುರುತು ಹೊತ್ತ ಎರರ್ ಕೂತಿತ್ತು.

“ಆ ಹ್ಯಾಶ್ ಹೋದ್ರೆ ಸಾಕು ಕಣಯ್ಯ. ಖಾಲಿ ಇರೋದು ಖಾಲಿ ಇರ್ಲಿ. ಸಂಜೆ ಬೊಂಬಾಯಿಗೆ ಕೊರಿಯರ್ ಹೋಗ್ಬೇಕು. ಯಾರಿಗೂ ಹೇಳ್ಬೇಡ,” ಎಂದು ಫ್ಲಾಪಿ ಕೊಟ್ಟು ಹೋಗಿದ್ದರು ಫ್ಯಾಕ್ಟರಿ ಮ್ಯಾನೇಜರ್ ರುದ್ರೇಶ್.

ಪೀಣ್ಯದ ಆ ಪಂಪ್ ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಕಾರ್ಮಿಕರಿಗೆ ಫ್ಯಾನೂ ಇಲ್ಲದ ಕಡೆ ಅದಕ್ಕೆ ಏಸಿ ಕೋಣೆ, ಗಾಜಿನ ಬಾಗಿಲು, ಹೊರಗೆ ಚಪ್ಪಲಿ ಬಿಡುವ ಜಾಗ. ಒಳಗೆ ಅರ್ಚಕನಂತೆ ಮಲ್ಲಿಕ್.

ಹೋದ ತಿಂಗಳು ರುದ್ರೇಶ್ ಅವನನ್ನು ಮನೆಗೆ ಊಟಕ್ಕೆ ಕರೆದಿದ್ದರು. ಅವರ ಹೆಂಡತಿ ಹೇಮಲತಾ ರೊಟ್ಟಿ ಬಡಿಸುತ್ತ ಊರು ಯಾವುದು, ತಂದೆಗೆ ಏನು ಕೆಲಸ, ಅಕ್ಕನಿಗೆ ಮದುವೆ ಆಯಿತೇ ಎಂದು ಕೇಳಿದ್ದರು. ಮಗಳು ಸೌಮ್ಯಾ ಮಜ್ಜಿಗೆ ತಂದಿಟ್ಟು, “ಚಪ್ಪಲಿ ಬಿಟ್ಟೇ ಒಳಗೆ ಹೋಗ್ಬೇಕಂತೆ. ನಿಮ್ಮ ಕಂಪ್ಯೂಟರ್‌ಗೂ ಮಡಿನಾ?” ಅಂದಿದ್ದಳು. ಅದಕ್ಕೆ ತಕ್ಕ ಉತ್ತರ ಮಲ್ಲಿಕ್‌ಗೆ ಹೊಳೆದದ್ದು ಮರುದಿನ ಬಸ್ಸಿನಲ್ಲಿ. ಮದುವೆಯಾದರೆ ಅವಳನ್ನೇ ಎಂದು ಅವನು ಆಗಲೇ ತೀರ್ಮಾನಿಸಿದ್ದ. ಅವಳನ್ನು ಕೇಳುವುದೊಂದು ಬಾಕಿ ಇತ್ತು.

ಈಗ ಈ ಪಟ್ಟಿ. ಶೀರ್ಷಿಕೆಯಿಲ್ಲ. ಹೆಸರುಗಳೆಲ್ಲ ಕಾರ್ಖಾನೆಯ ಮದುವೆಯಾಗದ ಗಂಡಸರದ್ದೇ. ಕಾಲಂಗಳು ವಯಸ್ಸು, ಆರೋಗ್ಯ, ನಡತೆ, ಹೊಂದಾಣಿಕೆ, ಅಡುಗೆ, ಹಿಂದಿ; ಒಂದೊಂದಕ್ಕೂ ಹತ್ತರಲ್ಲಿ ಅಂಕ. ಅಳಿಯನಿಗೆ ಹಿಂದಿ ಯಾಕೆ? ಸೌಮ್ಯಾ ಹಿಂದಿ ಎಂ.ಎ. ಓದುತ್ತಿದ್ದಳು; ಸರಿಹೋಯಿತು. ಪಟ್ಟಿ ಬೊಂಬಾಯಿಗೆ ಯಾಕೆ? ಅವಳ ಸೋದರಮಾವ ಅಲ್ಲಿದ್ದ, ಅದೂ ಸರಿಹೋಯಿತು. ದಾಸರಹಳ್ಳಿಯ ಗೌಡರ ಹುಡುಗ ನಂದೀಶ್ ಲಿಂಗಾಯತರ ಮನೆಯ ಪಟ್ಟಿಯಲ್ಲಿ ಯಾಕಿದ್ದಾನೆ? ರುದ್ರೇಶ್ ಸರ್ ವಿಶಾಲ ಮನಸ್ಸಿನವರು. ಕಂಪ್ಯೂಟರ್ ಬಲ್ಲವನಿಗೆ ಉತ್ತರ ಸಿಗದ ಪ್ರಶ್ನೆಯೇ ಇರಲಿಲ್ಲ.

ತಪ್ಪು ಎಲ್ಲಿದೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ರುದ್ರೇಶ್ ಟೈಪ್‌ರೈಟರ್ ಕಾಲದವರು. ಅಳಿಸಬೇಕಾದ ಕಡೆ ಸ್ಪೇಸ್ ಬಾರ್ ಒತ್ತಿಬಿಡುತ್ತಿದ್ದರು. ಚೌಕ ಖಾಲಿಯಾಗಿ ಕಾಣುತ್ತಿತ್ತು, ಒಳಗೆ ಮಾತ್ರ ಕಣ್ಣಿಗೆ ಬೀಳದ ಒಂದು ಸ್ಪೇಸ್ ಉಳಿಯುತ್ತಿತ್ತು. ಅದನ್ನು ಅಂಕಿಯಂತೆ ಕೂಡು ಎಂದರೆ ಕಂಪ್ಯೂಟರ್ ಕೈಚೆಲ್ಲುತ್ತಿತ್ತು. ಒಬ್ಬನ ಮೊತ್ತ ಕೆಟ್ಟರೆ ಎಲ್ಲರ ರ‍್ಯಾಂಕೂ ಕೆಡುತ್ತಿತ್ತು.

ಅಂದರೆ ಮಲ್ಲಿಕ್‌ಗೂ ಅಂಕ ಬಿದ್ದಿತ್ತು. ಆಮೇಲೆ ಅಳಿಸಲಾಗಿದೆ. ಯಾರೋ ಚಾಡಿ ಹೇಳಿದ್ದಾರೆ. ಕ್ಯಾಂಟೀನಿನ ಹಿಂದೆ ಅವನು ಸಿಗರೇಟು ಸೇದುವುದನ್ನು ನೋಡಿದವನು ಒಬ್ಬನೇ.

ಆ ಒಬ್ಬನೇ ಗಾಜಿನ ಬಾಗಿಲು ತೆರೆದು ತಲೆ ಹಾಕಿದ. ಸೊಂಟದಲ್ಲಿ ಹೊಸ ಪೇಜರ್.

“ಏನ್ ಗುರು, ಅಡುಗೆ ಬರುತ್ತಾ ಅಂತ ರುದ್ರೇಶ್ ಸಾರ್ ನಿನ್ನನ್ನೂ ಕೇಳಿದ್ರಾ?” ಎಂದ ನಂದೀಶ್.

ಮಲ್ಲಿಕ್‌ನನ್ನು ಯಾರೂ ಕೇಳಿರಲಿಲ್ಲ. “ನೀನೇನಂದೆ?”

“ಮುದ್ದೆಯಿಂದ ಹಿಡಿದು ಪಲಾವ್‌ವರೆಗೂ ಬರುತ್ತೆ ಅಂದ್ಬಿಟ್ಟೆ. ಸಕ್ಕತ್ ಖುಷಿಯಾದ್ರು ಕಣೋ. ಯಾಕೋ ಹೇಳ್ಬಾರ್ದಿತ್ತು ಅನ್ನಿಸ್ತಿದೆ.”

ಇಂಥ ತೋರಿಕೆಯ ವಿನಯ ಮಲ್ಲಿಕ್‌ಗೆ ಹೊಸದಲ್ಲ. ಕೆಲಸ ಇದೆ ಎಂದು ಅವನನ್ನು ಸಾಗಹಾಕಿದ.

ಸ್ಪೇಸ್ ಇರುವ ಚೌಕವನ್ನು ಲೆಕ್ಕಕ್ಕೆ ಹಿಡಿಯದ ಸೂತ್ರ ಹಾಕಿದ. ಹ್ಯಾಶ್‌ಗಳು ಮಾಯವಾದವು. ಕೆಲಸ ಅಲ್ಲಿಗೆ ಮುಗಿದಿತ್ತು. ನಂದೀಶ್ ಮೊದಲು ಬಂದಿದ್ದ. ಮಲ್ಲಿಕ್ ಕೊನೆಯಲ್ಲಿದ್ದ, ಸ್ಟೋರ್ಸಿನ ನಿಂಗಪ್ಪನಿಗಿಂತಲೂ ಕೆಳಗೆ. ನಿಂಗಪ್ಪನ ತಲೆ ಅರ್ಧ ಬೋಳಾಗಿತ್ತು.

ಖಾಲಿ ಎಂದರೆ ಸೊನ್ನೆಯಲ್ಲ ಎಂದು ಮಲ್ಲಿಕ್ ತರಬೇತಿಗೆ ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ಅದೇ ತತ್ವದ ಮೇಲೆ ತನ್ನ ಚೌಕಗಳನ್ನು ಒಂದೊಂದಾಗಿ ತುಂಬಿದ. ಎಲ್ಲದಕ್ಕೂ ಒಂಬತ್ತು. ಹತ್ತು ಹಾಕಲಿಲ್ಲ, ವಿನಯಕ್ಕೆಂದು ಒಂದು ಅಂಕ ಬಿಟ್ಟುಕೊಟ್ಟ. ಅನ್ನಕ್ಕೆ ಎಷ್ಟು ನೀರಿಡಬೇಕೆಂದು ತಿಳಿಯದವನು ಅಡುಗೆಯಲ್ಲೂ ನಂದೀಶನನ್ನು ಹಿಂದೆ ಹಾಕಿದ. ರ‍್ಯಾಂಕ್ ಕಾಲಂ ಒಮ್ಮೆ ಮಿನುಗಿ ಅವನನ್ನು ಮೊದಲಿಗೆ ತಂದಿತು.

ಸಂಜೆ ರುದ್ರೇಶ್ ಬಾಗಿಲಲ್ಲೇ ನಿಂತು ಕೈಚಾಚಿದರು. ಬೂಟು ಬಿಚ್ಚುವಷ್ಟು ಪುರುಸೊತ್ತಿರಲಿಲ್ಲ.

“ಹ್ಯಾಶ್ ಹೋಯ್ತಾ?”

“ಒಂದೂ ಇಲ್ಲ ಸಾರ್.”

“ಖಾಲಿ ಇದ್ದದ್ದು?”

“ಅದೂ ಸರಿಯಾಗಿದೆ ಸಾರ್.”

“ಜಾಣ ಕಣಯ್ಯ ನೀನು,” ಎಂದು ಅವನ ಬೆನ್ನು ತಟ್ಟಿ, ಫ್ಲಾಪಿಯನ್ನು ಕವರಿಗೆ ಹಾಕಿ ಕೊರಿಯರ್‌ನವನ ಕೈಗಿಟ್ಟರು.

ಆ ವಾರ ಮಲ್ಲಿಕ್ ಸಿಗರೇಟು ಬಿಟ್ಟ. ಮೆಜೆಸ್ಟಿಕ್‌ಗೆ ಹೋಗಿ ತಿಳಿನೀಲಿ ಶರ್ಟು ತಂದ. ಎಸ್‌ಟಿಡಿ ಬೂತಿನಿಂದ ದಾವಣಗೆರೆಗೆ ಫೋನ್ ಮಾಡಿ, ಒಳ್ಳೆ ಸುದ್ದಿ ಬರಬಹುದು, ಯಾರಿಗೂ ಹೇಳಬೇಡ ಎಂದು ತಾಯಿಗೆ ಹೇಳಿದ. ಮರುದಿನದೊಳಗೆ ಅವಳು ಇಡೀ ಬೀದಿಗೆ ಹೇಳಿ ಮುಗಿಸಿದ್ದಳು.

ರುದ್ರೇಶ್ ಕರೆಸಿದಾಗ ಅವನು ಆ ಶರ್ಟಿನಲ್ಲೇ ಇದ್ದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಮುಖ ಬಾಡಿತ್ತು. ಹೆಣ್ಣು ಹೆತ್ತವರ ಸಂಕಟ ಎಂದುಕೊಂಡ ಮಲ್ಲಿಕ್.

“ಬೊಂಬಾಯಿಂದ ಫೋನ್ ಬಂತು. ನಿನ್ನ ಹೆಸರೇ ಆರಿಸಿದ್ದಾರೆ,” ಎಂದರು.

ಮಲ್ಲಿಕ್ ತಡಮಾಡಲಿಲ್ಲ. ಮೇಜು ಬಳಸಿ ಹೋಗಿ, ಬಗ್ಗಿ ಅವರ ಎರಡೂ ಕಾಲು ಹಿಡಿದ.

“ಏಳಯ್ಯ,” ಎಂದರು ರುದ್ರೇಶ್. “ಅಸ್ಸಾಂ ಯೂನಿಟ್‌ಗೆ ಐದು ವರ್ಷ ಕಳಿಸೋಕೆ ಹೆಡ್ ಆಫೀಸ್ ಕೇಳಿದ್ದ ಪಟ್ಟಿ ಅದು. ಹೆಸರು ತೆಗೆಯೋ ಹಾಗಿರ್ಲಿಲ್ಲ, ಅದಕ್ಕೇ ಅಳಿಯ ಆಗೋನು ಇಲ್ಲೇ ಉಳೀಲಿ ಅಂತ ನಿನ್ನ ಅಂಕ ಒಂದೊಂದೇ ಕೂತು ಅಳಿಸಿದ್ದೆ.”