ಆನೆ ತೂಗಿದ ಕಾಟಾ

"ಇದರ ಮ್ಯಾಲ ನಾ ಖುದ್ದ ಆನಿ ತೂಗೇನಿ. ಮುಟ್ಟಿದಾಂವನ ಕೈ ಬಿದ್ದು ಹೋಗ್ತಾವು," ಎನ್ನುತ್ತ ಮುದಿ ಹಮಾಲ ಫಕ್ಕೀರಸಾಬ ಮೆಣಸಿನಕಾಯಿ ಚೀಲ ತೂಗುವ ಕಬ್ಬಿಣದ ಕಾಟಾದ ಮೇಲೆ ಹತ್ತಿ ನಿಂತ. ಬ್ರಾಡ್‌ಗೇಜ್ ರೈಲುಹಳಿ ಬರುತ್ತದೆಂದು ಬ್ಯಾಡಗಿಯ ಹಳೆಯ ಸ್ಟೇಷನ್ನನ್ನು ಕೆಡವುತ್ತಿದ್ದರು. ಎದ್ದ ಧೂಳಿಗೆ ಅತ್ತ ರಾಣೇಬೆನ್ನೂರು ಪೂರ್ತಿ ಸೀನುತ್ತಿತ್ತು. ಒಡೆಯಲು ಉಳಿದದ್ದು ಈ ಕಾಟಾ ಒಂದೇ.

ಕೂಲಿಯಾಳು ದುರಗಪ್ಪ ಎತ್ತಿದ ಸುತ್ತಿಗೆಯನ್ನು ಇಳಿಸಲಿಲ್ಲ. ಗುತ್ತಿಗೆದಾರ ಅವನ ಬೆನ್ನ ಹಿಂದೆಯೇ ನಿಂತಿದ್ದ. "ಇಳಿ ಚಾಚಾ," ಎಂದ ದುರಗಪ್ಪ. "ಇದನ್ನ ಒಡದು ಗುಜರಿಗೆ ಹಾಕಬೇಕು."

"ಮೊದಲ ನನ್ನ ಒಡಿ."

"ಅಲ್ಲೋ ಚಾಚಾ, ಆನಿ ನಾಲ್ಕೂ ಕಾಲು ಎಲ್ಲಿ ಇಟ್ಟಿತ್ತು? ನಿನ್ನ ಎರಡ ಕಾಲಿಗೇ ಜಾಗಾ ಸಾಲವಲ್ದು."

ಕೂಲಿಗಳು ನಕ್ಕರು. ಫಕ್ಕೀರಸಾಬ ನಗಲಿಲ್ಲ. ಮೆಲ್ಲಗೆ ಕುಕ್ಕರಿಸಿ, ತುಕ್ಕು ಹಿಡಿದ ಹಲಗೆಯನ್ನು ಅಂಗೈಯಿಂದ ಒರೆಸಿದ.

"ಆನಿ ಸುಳ್ಳಪಾ. ನಿಮ್ಮ ಚಾಚಿ ಹುಬ್ಬಳ್ಳಿ ದವಾಖಾನಿಗೆ ಹೊಂಟಾಕಿ, ಗಾಡಿ ಬರೂದರಾಗ ಇಲ್ಲೇ ಹಡದಳು. ಕೂಸು ಅಳಲಿಲ್ಲ. ಸತ್ತೈತಿ ಅಂತ ತಿಳದು ಇದರ ಮ್ಯಾಲ ಮಲಗಿಸಿದೆ. ತಣ್ಣನ ಕಬ್ಬಿಣ ಬೆನ್ನಿಗೆ ತಾಗಿದ ಕೂಡಲೇ ನಮ್ಮ ಮಗಳು ತಾಜಬಿ ಚೀರಿದಳು."