ಹಾಳು ಬಾವಿಗೆ ಬಗ್ಗದ ಕಿವಿ

ಹಗಲು ಕೇಳಿದ ಬೈಗುಳ ಕಿವಿಯಲ್ಲೇ ಕೂತಿರುತ್ತದೆ. ತಲೆ ಬಗ್ಗಿಸಿದರೆ ಬೈದವರ ದನಿಯಲ್ಲೇ ಹೊರಗೆ ಬೀಳುತ್ತದೆ. ಅದಕ್ಕೇ ಆ ಗಾರ್ಮೆಂಟ್ಸಿನ ಹೆಂಗಸರು ದಿನವೂ ಗೇಟಿನಾಚೆಯ ಹಾಳು ಬಾವಿಗೆ ಕಿವಿ ಬಗ್ಗಿಸಿ, ಬರಿದು ಮಾಡಿಕೊಂಡೇ ಮನೆಗೆ ಹೋಗುತ್ತಿದ್ದರು. ಅಂಥದ್ದು ಮಕ್ಕಳ ಮುಂದೆ ಬೀಳಬಾರದಲ್ಲ.

ಇವತ್ತು ಸಾಕಮ್ಮ ಬಾವಿಯ ಹತ್ತಿರ ನಿಲ್ಲಲಿಲ್ಲ. ಪಕ್ಕದ ಮಿಷನ್ನಿನ ಚೆನ್ನಾಜಮ್ಮ, ಬೇರೆಯವರೆದುರು ಕಿವಿ ಬಗ್ಗಿಸಲು ನಾಚಿ ಎಲ್ಲವನ್ನೂ ಒಳಗೇ ತುಂಬಿಕೊಂಡವಳು, ಈಗ ಮನೆಯಲ್ಲಿ ಕೂಸು ಹಾಲಿಗೆ ಅತ್ತರೂ ಕೇಳಿಸದೆ ಗೋಡೆ ನೋಡುತ್ತ ಕೂತುಬಿಟ್ಟಿದ್ದಳು.

"ಅಕ್ಕಾ, ಬಾವಿ ಈ ಕಡೆ! ಎತ್ಲಾಗೆ ಹೊಂಟೆ?" ಎಂದು ಜೊತೆಯ ರತ್ನಿ ಕೂಗಿದಳು.

"ಬಾವಿ ಏನ್ ಪಾಪ ಮಾಡೈತೆ ಬುಡೇ!"

ಸೂಪರ್‌ವೈಸರ್ ಉಮಾಪತಿಯ ಮನೆಯಲ್ಲಿ ಅವನ ತಾಯಿ ದೇವರಿಗೆ ದೀಪ ಹಚ್ಚುತ್ತಿದ್ದರು. "ಯಾರವ್ವಾ? ಬಾ ತಾಯಿ, ಒಳೀಕೆ ಬಾ" ಎಂದರು. ಸಾಕಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ದೇವರಿಗೆ ಕೈಮುಗಿದಳು.

ಅವಳನ್ನು ಕಂಡು ಉಮಾಪತಿ ಬಿಳಿಚಿಕೊಂಡ. "ಸಾಕಮ್ಮಾ, ಇಲ್ಲಿ ಬ್ಯಾಡ. ನಮ್ಮವ್ವ ಅವ್ರೆ."

"ನೀವು ದಿನಾ ಬೈಯೋದೂ ನಮ್ಮವ್ವಂದಿರ್ನೇ ಅಲ್ವಾ, ಸಾರ್?"

ಸಾಕಮ್ಮ ಆ ನಡುಮನೆಯಲ್ಲಿ ತಲೆ ಬಗ್ಗಿಸಿದಳು.

ಅದು ಯಾರ ದನಿಯೆಂದು ಆ ತಾಯಿಗೆ ಯಾರೂ ಹೇಳಬೇಕಾಗಲಿಲ್ಲ.