ಹಿಂದೆ ಸರಿದ ಅಭ್ಯರ್ಥಿ

ಹುಬ್ಬಳ್ಳಿಯ ಗುರುಸಿದ್ದಪ್ಪ ರಾಷ್ಟ್ರಾಧ್ಯಕ್ಷರ ಚುನಾವಣೆಯಿಂದ ಹಿಂದೆ ಸರಿಯುತ್ತಾರೋ ಇಲ್ಲವೋ ಎಂದು ವಾರವೆಲ್ಲ ಊರಿಗೆ ಊರೇ ಮಾತಾಡಿತ್ತು. ಮತದಾನದ ಹಿಂದಿನ ಸಂಜೆ ಅವರು ಸರಿದೇಬಿಟ್ಟರು. ಭಾಷಣ ಮಾಡಿ ಮಾಡಿ ಗಂಟಲು ಕಟ್ಟಿತ್ತು, ಹಾರಗಳ ಭಾರಕ್ಕೆ ಕುತ್ತಿಗೆ ನೋಯುತ್ತಿತ್ತು. ಅದನ್ನೆಲ್ಲ ತಡೆದುಕೊಂಡಿದ್ದರು, ಒಂದು ಕಾಯಿದೆಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಅಧ್ಯಕ್ಷರಿಗೆ ತಮ್ಮವರು ಎಂಬುವವರು ಇರಬಾರದೆಂದು, ಮತದಾನಕ್ಕೆ ಮೊದಲೇ ಅಭ್ಯರ್ಥಿಯ ಮನೆಯವರು ಸರಕಾರಿ ಆಸ್ಪತ್ರೆಗೆ ಹೋಗಿ ತಮ್ಮ ತಲೆಯಿಂದ ಅಭ್ಯರ್ಥಿಯ ನೆನಪನ್ನು ತೆಗೆಸಿಕೊಂಡು ಬರಬೇಕಿತ್ತು.

ಮನೆ ಮುಟ್ಟಿದಾಗ ಹೆಂಡತಿ ನೀಲವ್ವ ಕಟ್ಟೆಯ ಮೇಲೆ ಕೂತು ರೇಡಿಯೊ ಕೇಳುತ್ತ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

“ದವಾಖಾನಿಗೆ ಹೋಗೂದು ಬ್ಯಾಡ, ನೀಲಾ,” ಎಂದರು ಗುರುಸಿದ್ದಪ್ಪ.

ನೀಲವ್ವ ಗಾಬರಿಯಿಂದ ಸೆರಗು ಸರಿಮಾಡಿಕೊಂಡರು. “ಮುಂಜಾನೇನ ಹೋಗಿ ಬಂದ್ನಿರಿ, ಸಂಜೀಕ ಪಾಳಿ ಭಾಳ ಇರತದಂತ. ಯಾತಕ್ಕ ಹೋಗಿದ್ನಿ ಅನ್ನೂದು ಮಾತ್ರ ನೆನಪಿಲ್ಲ. ನಿಮಗ ಯಾರು ಬೇಕಾಗಿತ್ರಿ? ಭಾಳ ದಣದೀರಿ, ಕುಂದರ್ರಿ.”

ಅವರು ಕೂತರು. ನೀಲವ್ವ ನೀರಿನ ತಂಬಿಗೆ ತಂದು ಮುಂದಿಟ್ಟು ರೇಡಿಯೊ ಕಡೆ ಕೈ ಮಾಡಿದರು.

“ಕೇಳಿದ್ರೇನ್ರಿ? ಚುನಾವಣಿಗೆ ನಿಂತಾಂವ ಒಬ್ಬಾಂವ ಹೆಂಡ್ತಿ ಸಲವಾಗಿ ಹಿಂದ ಸರದನಂತ. ಆಕಿ ಪುಣ್ಯಾ ಮಾಡ್ಯಾಳ ಬಿಡ್ರಿ.”